ಬೆಂಗ್ರೆಯ ಪುಟದಲ್ಲೊಂದು ಅಡ್ಡಗೆರೆ

ಕಳೆದ ತಿಂಗಳು ಅಟ್ಟದ ಪೆಟ್ಟಿಗೆಯಿಂದ ಇಳಿಸಿದ ಹಳೆಯ ನೋಟ್‌ಬುಕ್ಕುಗಳಲ್ಲಿ ಒಂದರ ಪುಟ ಹೀಗಿದೆ: "18-1-2004, ಭಾನುವಾರ. ಬೆಂಗ್ರೆ ಅಳಿವೆ. ಬೆಳಿಗ್ಗೆ 7.10. ದೊಡ್ಡ ಜುಟ್ಟಿನ ರೀವ 46. ಚಿಕ್ಕ ಜುಟ್ಟಿನ ರೀವ ಸುಮಾರು 110. ಕಂದುತಲೆ ಕಡಲಕ್ಕಿ 300ಕ್ಕೂ ಹೆಚ್ಚು. ದೊಡ್ಡ ಕಡಲಕ್ಕಿ –". ಕೊನೆಯ ಸಾಲಿನಲ್ಲಿ ಅಂಕಿ ಇರಬೇಕಾದ ಜಾಗದಲ್ಲಿ ಒಂದು ಅಡ್ಡಗೆರೆ ಇದೆ. ರೀವ ಎಂದರೆ ಟರ್ನ್, ಕಡಲಕ್ಕಿ ಎಂದರೆ ಗಲ್. ಕೈಬರಹ ನನ್ನದೇ. ಪುಟದ ಅಂಚಿನಲ್ಲಿ ಉಪ್ಪುನೀರು ತಗುಲಿ ಶಾಯಿ ಹರಡಿದ ಗುರುತೂ ಇದೆ. ಆ ಬೆಳಿಗ್ಗೆ ಮಂಗಳೂರಿನ ದಕ್ಕೆಯ ಕಡೆಯಿಂದ ದೋಣಿಯಲ್ಲಿ ದಾಟಿ ಮರಳ ದಿಬ್ಬದ ತುದಿಯವರೆಗೆ ನಡೆದದ್ದು, ನೇತ್ರಾವತಿಯೂ ಗುರುಪುರ ಹೊಳೆಯೂ ಒಟ್ಟಾಗಿ ಕಡಲು ಸೇರುವಲ್ಲಿ ಹಕ್ಕಿಗಳೆಲ್ಲ ಗಾಳಿಗೆ ಮುಖಮಾಡಿ ಕುಳಿತಿದ್ದದ್ದು ನೆನಪಿದೆ. ಆದರೆ ಆ ಗೆರೆಯನ್ನು ಯಾವ ಅರ್ಥದಲ್ಲಿ ಎಳೆದೆ ಎಂಬುದು ನೆನಪಿಲ್ಲ.

ಪೆಟ್ಟಿಗೆ ಇಳಿಸಿದ್ದಕ್ಕೆ ಕಾರಣ, ಕರಾವಳಿಯ ಅಳಿವೆಗಳ ಹಳೆಯ ಹಕ್ಕಿ ಎಣಿಕೆಗಳನ್ನು ಕೂಡಿಹಾಕುತ್ತಿರುವ ಒಬ್ಬ ವಿದ್ಯಾರ್ಥಿನಿ. ನನ್ನ ಪುಟಗಳ ಫೋಟೋ ತೆಗೆದುಕೊಂಡು ಹೋದ ಮೂರನೆಯ ದಿನ ಆಕೆ ಫೋನ್ ಮಾಡಿ, "ಸಾರ್, ಈ ಗೆರೆ ಅಂದ್ರೆ ಇರಲಿಲ್ಲ ಅಂತಲೋ, ಎಣಿಸಲಿಲ್ಲ ಅಂತಲೋ?" ಎಂದು ಕೇಳಿದಳು. ನೋಡಿ ಹೇಳುತ್ತೇನೆ ಎಂದು ಫೋನ್ ಇಟ್ಟೆ. ಕೆಮಿಕಲ್ ಇಂಜಿನಿಯರ್ ಆಗಿ ಇಪ್ಪತ್ತೈದು ವರ್ಷಗಳಿಂದ ನಾನು ಮಾಡುತ್ತಿರುವ ಕೆಲಸದಲ್ಲಿ, ಒಬ್ಬರು ಬರೆದ ತಂತ್ರಾಂಶವನ್ನು ಇನ್ನೊಬ್ಬರದಕ್ಕೆ ಜೋಡಿಸುವಾಗ, ಇದೇ ಪ್ರಶ್ನೆಯನ್ನು ನಾನು ಎಷ್ಟೋ ಮಂದಿಗೆ ಕೇಳಿದ್ದೇನೆ. ಉತ್ತರ ಕೊಡದವರ ಮೇಲೆ ರೇಗಿದ್ದೂ ಉಂಟು.

ಒಂದು ಗೆರೆಯ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ಯಾರಿಗಾದರೂ ಅನ್ನಿಸೀತು. ಕಡಲ ಹಕ್ಕಿಗಳ ಮಟ್ಟಿಗೆ ಬೇಕು ಎನ್ನುವುದಕ್ಕೆ ಕಾರಣ ಅವುಗಳ ಬದುಕಿನ ಲೆಕ್ಕದಲ್ಲಿದೆ. ಕೋಳಿಯಂತೆ ಅಥವಾ ಗುಬ್ಬಿಯಂತೆ ಅವು ಬೇಗ ಬೆಳೆದು ಬಹಳ ಮರಿ ಮಾಡುವ ಜೀವಿಗಳಲ್ಲ. ಆಲ್ಬಟ್ರಾಸ್, ಪೆಟ್ರೆಲ್, ಶಿಯರ್‌ವಾಟರ್‌ಗಳು ಒಂದು ಸಲಕ್ಕೆ ಒಂದೇ ಮೊಟ್ಟೆಯಿಡುತ್ತವೆ. ಮೊದಲ ಮೊಟ್ಟೆಗೆ ಮುನ್ನ ವರ್ಷಗಟ್ಟಲೆ ಕಡಲಲ್ಲೇ ಕಳೆಯುತ್ತವೆ. ನಂತರ ದೀರ್ಘಕಾಲ ಬದುಕಿ ಆ ಕೊರತೆಯನ್ನು ತುಂಬಿಕೊಳ್ಳುತ್ತವೆ. 1956ರಲ್ಲಿ ಕಾಲಿಗೆ ಉಂಗುರ ತೊಡಿಸಿದ 'ವಿಸ್ಡಮ್' ಎಂಬ ಲೇಸಾನ್ ಆಲ್ಬಟ್ರಾಸ್ 2024ರ ಕೊನೆಯಲ್ಲೂ ಮಿಡ್‌ವೇ ದ್ವೀಪದಲ್ಲಿ ಮೊಟ್ಟೆಯಿಟ್ಟಿತು. ಈಗ ಒಂದು ಸರಳ ಲೆಕ್ಕ ನೋಡಿ. ಬೆಳೆದ ನೂರು ಹಕ್ಕಿಗಳಲ್ಲಿ ವರ್ಷಕ್ಕೆ 95 ಉಳಿಯುತ್ತವೆ ಎಂದಾದರೆ, ಒಂದು ಹಕ್ಕಿಗೆ ಸರಾಸರಿ 20 ವರ್ಷಗಳ ಬದುಕು ಮುಂದಿದೆ. 95ರ ಬದಲು 90 ಉಳಿದರೆ ಆ 20 ವರ್ಷ 10ಕ್ಕೆ ಇಳಿಯುತ್ತದೆ. ವರ್ಷಕ್ಕೆ ನೂರರಲ್ಲಿ ಐದು ಹಕ್ಕಿ ಹೆಚ್ಚು ಸತ್ತದ್ದನ್ನು ದಡದಲ್ಲಿ ನಿಂತ ಯಾವ ಕಣ್ಣೂ ಗುರುತಿಸದು, ಆದರೆ ಅಷ್ಟಕ್ಕೇ ಮರಿ ಮಾಡುವ ಅವಧಿ ಅರ್ಧಕ್ಕರ್ಧ ಹೋಗಿರುತ್ತದೆ. ಸಾಲದ್ದಕ್ಕೆ, ಗೂಡು ಕಟ್ಟುವ ದ್ವೀಪದಲ್ಲಿ ಜೋಡಿಯೊಂದು ಕಡಿಮೆಯಾದರೆ ಕಡಲಲ್ಲಿ ಕಾದಿರುವ ಎಳೆಯ ಹಕ್ಕಿಗಳು ಬಂದು ಆ ಜಾಗ ತುಂಬುತ್ತವೆ. ಗೂಡುಗಳ ಎಣಿಕೆ ಬಹಳ ಕಾಲ ಹಾಗೇ ಇದ್ದು, ಕಾದಿರುವವು ಮುಗಿದ ಮೇಲೆ ಒಮ್ಮೆಲೇ ಕುಸಿಯುತ್ತದೆ. ಆದ್ದರಿಂದ ಇಲ್ಲಿ ಹೋಲಿಸಬೇಕಾದದ್ದು ಕಳೆದ ವರ್ಷವನ್ನೂ ಈ ವರ್ಷವನ್ನೂ ಅಲ್ಲ. ಇಪ್ಪತ್ತು, ಮೂವತ್ತು ವರ್ಷ ಹಿಂದೆ ಬೇರೆ ಯಾರೋ ಬೇರೆ ದುರ್ಬೀನಿನಲ್ಲಿ ನೋಡಿ ಬರೆದಿಟ್ಟ ಅಂಕಿಯೊಡನೆ ಇಂದಿನ ಅಂಕಿಯನ್ನು ಇಟ್ಟು ನೋಡಬೇಕು.

ಜಗತ್ತಿನ ಮಟ್ಟದಲ್ಲಿ ಹೀಗೆ ಇಟ್ಟು ನೋಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. 1950ರಿಂದ 2010ರ ನಡುವೆ, ಎಣಿಕೆ ನಡೆದಿರುವ ಕಡಲ ಹಕ್ಕಿಗಳ ಸಂಖ್ಯೆ ಸುಮಾರು ಶೇಕಡಾ 70ರಷ್ಟು ಇಳಿದಿದೆ ಎಂಬುದು ಅದರ ಫಲಿತಾಂಶ. ಪತ್ರಿಕೆಗಳಲ್ಲಿ ಬಂದದ್ದು ಬರಿಯ 70. ಆ ಲೆಕ್ಕಕ್ಕೆ ಸಿಕ್ಕಿದ್ದು ಜಗತ್ತಿನ ಒಟ್ಟು ಕಡಲ ಹಕ್ಕಿಗಳ ಸುಮಾರು ಶೇಕಡಾ 19ರಷ್ಟು ಭಾಗ ಮಾತ್ರ ಎಂದು ಲೇಖಕರು ಅಲ್ಲೇ ಹೇಳಿದ್ದರು. ಉಳಿದ ಭಾಗದ ಮುಂದೆ ಇರುವುದು ಅಡ್ಡಗೆರೆ.

ಆ ಗೆರೆಯನ್ನು ಸೊನ್ನೆ ಎಂದು ಓದಿ ಜಗತ್ತೇ ತಪ್ಪಿದ ಒಂದು ಉದಾಹರಣೆ ನಮ್ಮ ಬೆಂಗ್ರೆಯ ಹಕ್ಕಿಗೆ ಹತ್ತಿರದ್ದೇ ಆಗಿದೆ. ಚೀನಾದ ಜುಟ್ಟಿನ ರೀವವನ್ನು, ಎಂದರೆ ಚೈನೀಸ್ ಕ್ರೆಸ್ಟೆಡ್ ಟರ್ನ್ ಅನ್ನು, ಬಹುಕಾಲ ಅಳಿದುಹೋದ ಹಕ್ಕಿ ಎಂದೇ ಹಲವರು ಭಾವಿಸಿದ್ದರು. 2000ದಲ್ಲಿ ತೈವಾನಿನ ಆಡಳಿತದಲ್ಲಿರುವ ಮಾತ್ಸು ದ್ವೀಪಗಳಲ್ಲಿ ಕೆಲವೇ ಜೋಡಿಗಳು ಮರಿಗಳ ಸಮೇತ ಕಾಣಿಸಿಕೊಂಡವು. ಅವು ಕುಳಿತಿದ್ದದ್ದು ದೊಡ್ಡ ಜುಟ್ಟಿನ ರೀವಗಳ ಗುಂಪಿನ ನಡುವೆ, ಎಂದರೆ ನಾನು 2004ರಲ್ಲಿ 46 ಎಂದು ಬರೆದ ಆ ಜಾತಿಯ ಹಕ್ಕಿಗಳ ನಡುವೆ. ಕೊಕ್ಕಿನ ತುದಿ ಕಪ್ಪಾಗಿದೆಯೇ ಎಂದು ಒಂದೊಂದನ್ನೂ ಬಿಡಿಸಿ ನೋಡುವವರೆಗೆ ಅವು ಅಲ್ಲಿ ಇರಲೇ ಇಲ್ಲ. 2013ರಲ್ಲಿ ಚೀನಾದ ಜಿಯುಶಾನ್ ದ್ವೀಪಗಳಲ್ಲಿ ರೀವದ ಗೊಂಬೆಗಳನ್ನು ನಿಲ್ಲಿಸಿ, ಅವುಗಳ ಕೂಗನ್ನು ಧ್ವನಿವರ್ಧಕದಲ್ಲಿ ಕೇಳಿಸಿ, ಈ ಹಕ್ಕಿಗಳನ್ನು ಸುರಕ್ಷಿತ ಜಾಗಕ್ಕೆ ಕರೆತಂದು ಗೂಡು ಮಾಡಿಸುವಲ್ಲಿ ಯಶಸ್ವಿಯಾದರು. ಈ ಗೊಂಬೆಯ ಉಪಾಯವನ್ನು ಅಮೆರಿಕದ ಮೇಯ್ನ್ ತೀರದಲ್ಲಿ ಪಫಿನ್ ಎಂಬ ಕಡಲ ಹಕ್ಕಿಗಳನ್ನು ಮರಳಿ ನೆಲೆಗೊಳಿಸಲು 1973ರಲ್ಲಿ ಕೆಲಸ ಆರಂಭಿಸಿದ ಸ್ಟೀಫನ್ ಕ್ರೆಸ್ ಬೆಳೆಸಿದ್ದರು. ನಮ್ಮ ಗದ್ದೆಯ ಬೆದರುಬೊಂಬೆ ಹಕ್ಕಿಯನ್ನು ಓಡಿಸಿದರೆ ಇದು ಕರೆಯುತ್ತದೆ.

ಇನ್ನು ನನ್ನ ಹೊಟ್ಟೆಪಾಡಿನ ವಿಷಯ. ಸುರತ್ಕಲ್‌ನಲ್ಲಿ ನಾನು ಓದಿದ, ಈಗ ಎನ್‌ಐಟಿಕೆ ಎನಿಸಿಕೊಂಡ ಇಂಜಿನಿಯರಿಂಗ್ ಕಾಲೇಜು ಆಗ ಇನ್ನೂ ಕೆ.ಆರ್.ಇ.ಸಿ. ಆಗಿತ್ತು. ರಿಫೈನರಿ, ಗೊಬ್ಬರದ ಕಾರ್ಖಾನೆ, ದ್ರಾವಕ ಬೇರ್ಪಡಿಸುವ ಘಟಕ ಇಂಥವುಗಳನ್ನು ಕಟ್ಟುವ ಮೊದಲು ಕಂಪ್ಯೂಟರಿನಲ್ಲಿ ಚಿತ್ರಿಸಿ, ಯಾವ ಕೊಳವೆಯಲ್ಲಿ ಏನು, ಎಷ್ಟು, ಎಷ್ಟು ಬಿಸಿಯಾಗಿ ಹರಿಯುತ್ತದೆ ಎಂದು ಲೆಕ್ಕ ಹಾಕುವುದು ಪ್ರೊಸೆಸ್ ಸಿಮ್ಯುಲೇಶನ್. ಆಗಿನ ಕಾಲದಲ್ಲಿ ಒಂದು ಕಂಪನಿ ತನ್ನದೇ ಆದ ರಿಯಾಕ್ಟರ್ ಲೆಕ್ಕವನ್ನು ಬರೆದಿದ್ದರೆ, ಅದನ್ನು ಪ್ರತಿಯೊಂದು ಸಿಮ್ಯುಲೇಟರಿಗೂ ಬೇರೆ ಬೇರೆಯಾಗಿ, ಹೆಚ್ಚಾಗಿ ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಮತ್ತೆ ಬರೆಯಬೇಕಿತ್ತು. ಈ ಕಷ್ಟ ತಪ್ಪಿಸಲು ಐರೋಪ್ಯ ಒಕ್ಕೂಟದ ಹಣದಲ್ಲಿ, ಬಿಎಎಸ್‌ಎಫ್, ಬೇಯರ್, ಬಿಪಿ, ಐಸಿಐ ಮೊದಲಾದ ಬಳಕೆದಾರ ಕಂಪನಿಗಳೂ ತಂತ್ರಾಂಶ ಮಾರುವವರೂ ಒಂದೇ ಮೇಜಿನ ಸುತ್ತ ಕುಳಿತು 1997ರಲ್ಲಿ ಕೇಪ್-ಓಪನ್ ಎಂಬ ಯೋಜನೆ ಆರಂಭಿಸಿದರು. ಅದರ ಮಾನಕಗಳನ್ನು 2001ರಿಂದ ಕೋ-ಲ್ಯಾನ್ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತಿದೆ. ಮಾನಕದ ಸಾರ ಸರಳ. ಫ್ಲೋಶೀಟ್, ಎಂದರೆ ಇಡೀ ಘಟಕದ ಹರಿವಿನ ನಕ್ಷೆಯನ್ನು, ನಡೆಸುವ ತಂತ್ರಾಂಶ ಒಂದು ಕಡೆ, ಅದಕ್ಕೆ ಸಿಕ್ಕಿಸುವ ಬಿಡಿಭಾಗಗಳು ಇನ್ನೊಂದು ಕಡೆ: ದ್ರವಗಳನ್ನು ಕುದಿಸಿ ಬೇರ್ಪಡಿಸುವ ಒಂದು ಭಟ್ಟಿ ಕಾಲಮ್ಮಿನ ಮಾದರಿ, ಒಂದು ರಾಸಾಯನಿಕ ಕ್ರಿಯೆಯ ಕಟ್ಟು, ದ್ರವ್ಯಗಳ ಗುಣಗಳನ್ನು ಲೆಕ್ಕ ಹಾಕಿಕೊಡುವ ಪ್ರಾಪರ್ಟಿ ಪ್ಯಾಕೇಜ್. ಇಬ್ಬರೂ ಯಾವ ಹೆಸರಿನಿಂದ ಏನನ್ನು ಕೇಳಬೇಕು, ಯಾವ ಮಾನದಲ್ಲಿ ಉತ್ತರಿಸಬೇಕು ಎಂಬುದು ಬರವಣಿಗೆಯಲ್ಲಿದೆ. ಉಷ್ಣತೆ ಕೆಲ್ವಿನ್‌ನಲ್ಲಿ, ಒತ್ತಡ ಪ್ಯಾಸ್ಕಲ್‌ನಲ್ಲಿ, ಹರಿವು ಸೆಕೆಂಡಿಗೆ ಇಷ್ಟು ಮೋಲ್ ಎಂದು. ಸೈಕಲ್ ಅಂಗಡಿಯಲ್ಲಿ ಯಾವ ಕಂಪನಿಯ ಟ್ಯೂಬ್ ತಂದರೂ ವಾಲ್ವಿಗೆ ಅದೇ ಪಂಪು ಕೂರುತ್ತದಲ್ಲ, ಹಾಗೆ.

ಇದರ ಗುಣ ತಿಳಿಯಬೇಕೆಂದರೆ ದುಡ್ಡು ಕೊಡಬೇಕಾಗಿಯೂ ಇಲ್ಲ. ಕೋಕೋ ಎಂಬ ಸಿಮ್ಯುಲೇಟರ್ ಉಚಿತವಾಗಿ ಸಿಗುತ್ತದೆ, ಕೆಮ್‌ಸೆಪ್ ಎಂಬ ಕಾಲಮ್ ಮಾದರಿಯ ಚಿಕ್ಕ ಆವೃತ್ತಿ ಅದಕ್ಕೆ ಸೇರಿಕೊಳ್ಳುತ್ತದೆ. ಡಿಡಬ್ಲ್ಯುಸಿಮ್ ಎಂಬ ಸಿಮ್ಯುಲೇಟರ್ ಮುಕ್ತ ತಂತ್ರಾಂಶವೇ ಆಗಿದ್ದು, ಮುಂಬಯಿ ಐಐಟಿಯ ಫೋಸೀ ಯೋಜನೆಯವರು ಅದನ್ನು ನಮ್ಮ ಕಾಲೇಜುಗಳಿಗೆ ತಲುಪಿಸಿದ್ದಾರೆ. ಒಂದರ ಕಾಲಮ್ಮನ್ನು ಇನ್ನೊಂದರೊಳಗೆ ಕೂರಿಸಿ ಮೊದಲ ಸಲ ಲೆಕ್ಕ ಓಡಿದಾಗ ಆಗುವ ಸಂತೋಷ ನನಗೆ ಇವತ್ತಿಗೂ ಹಳತಾಗಿಲ್ಲ. ಸಂತೋಷದ ಮಾತು ಇಷ್ಟು ಸಾಕು, ಕಲಿಸಿದ್ದು ಎಡವಟ್ಟು.

ನಾನು ಆಗ ಕೆಲಸ ಮಾಡುತ್ತಿದ್ದ ಕಡೆ ಒಂದು ಘಟಕದ ಎರಡು ಭಾಗಗಳಿಗೆ ಎರಡು ಪ್ರಾಪರ್ಟಿ ಪ್ಯಾಕೇಜ್ ಬಳಸಬೇಕಾಗಿ ಬಂತು. ಮೊದಲ ಭಾಗದಲ್ಲಿ ಮೆಥನಾಲ್ ಮತ್ತು ನೀರಿನ ಬೇರ್ಪಡಿಕೆ. ಇಂಥ ದ್ರವಗಳಿಗೆ ಎನ್‌ಆರ್‌ಟಿಎಲ್ ಮಾದರಿ ಹೊಂದುತ್ತದೆ. ಮುಂದಿನ ಭಾಗದಲ್ಲಿ ಹೆಚ್ಚು ಒತ್ತಡದ ಅನಿಲ. ಅದಕ್ಕೆ ಪೆಂಗ್-ರಾಬಿನ್ಸನ್ ಸಮೀಕರಣ. ಮೊದಲನೆಯದು ಹೊರಗಿನಿಂದ ಬಂದ ಕೇಪ್-ಓಪನ್ ಪ್ಯಾಕೇಜ್, ಎರಡನೆಯದು ಸಿಮ್ಯುಲೇಟರಿನದೇ. ಕಾಲಮ್ಮಿನ ತಲೆಯಿಂದ 64 ಡಿಗ್ರಿಯಲ್ಲಿ ಹೊರಟ ಮೆಥನಾಲ್ ಹಬೆ ಈ ಗಡಿಯನ್ನು ದಾಟಬೇಕಿತ್ತು. ಹಬೆಯ ಒತ್ತಡವನ್ನೂ ಎಂಥಾಲ್ಪಿಯನ್ನೂ, ಎಂದರೆ ಅದು ಹೊತ್ತ ಶಾಖದ ಲೆಕ್ಕವನ್ನೂ, ಆಚೆಗೆ ದಾಟಿಸಿದಾಗ ತೆರೆಯ ಮೇಲೆ ಆಚೆಯ ಉಪಕರಣದ ಪೆಟ್ಟಿಗೆ ಲೆಕ್ಕ ಕೂಡದೆ ಕೆಂಪಾಗಿ ನಿಂತಿತು. ಅಂಥ ಎಂಥಾಲ್ಪಿ ಇರುವ ಮೆಥನಾಲ್ ಯಾವ ಉಷ್ಣತೆಯಲ್ಲೂ ಸಾಧ್ಯವಿಲ್ಲ ಎಂಬುದು ಅದರ ತಕರಾರು. ವರದಿ ಕೊಡುವ ದಿನ ಹತ್ತಿರವಿದ್ದುದರಿಂದ ಎಂಥಾಲ್ಪಿಯನ್ನು ಬಿಟ್ಟು ಉಷ್ಣತೆಯನ್ನೂ ಒತ್ತಡವನ್ನೂ ದಾಟಿಸಿದೆ. ಎಲ್ಲ ಪೆಟ್ಟಿಗೆಗಳೂ ಹಸಿರಾದವು. ಎಲ್ಲರಿಗೂ ಸಮಾಧಾನವಾಯಿತು, ನನಗೂ ಆಯಿತು.

ಮೂರು ದಿನ ಬಿಟ್ಟು ಹಬೆ ಮತ್ತು ತಂಪು ನೀರಿನ ಒಟ್ಟು ಲೆಕ್ಕ ಬರೆಯಲು ಇಡೀ ಘಟಕದ ಸುತ್ತ ಒಂದು ಗೆರೆ ಎಳೆದು, ಒಳಗೆ ಹೋದ ಶಾಖವನ್ನೂ ಹೊರಗೆ ಬಂದ ಶಾಖವನ್ನೂ ಕೂಡಿದೆ. ಹೊಂದಲಿಲ್ಲ. ಒಂದೊಂದು ಉಪಕರಣವನ್ನು ಪ್ರತ್ಯೇಕವಾಗಿ ತೆಗೆದುಕೊಂಡರೆ ಕಾಲಮ್ ಸರಿ, ಹೀಟರ್ ಸರಿ, ಕಂಪ್ರೆಸರ್ ಸರಿ, ಕೂಡಿದರೆ ತಪ್ಪು. ರಾತ್ರಿ ಒಂಬತ್ತರವರೆಗೆ ಕುಳಿತು ಹುಡುಕಿದ ಮೇಲೆ ಸಿಕ್ಕಿದ್ದು ಎರಡು ಸೊನ್ನೆಗಳು. ಎಂಥಾಲ್ಪಿಗೆ ತನ್ನದೇ ಆದ ಸೊನ್ನೆ ಇಲ್ಲ, ನಾವು ಎಲ್ಲೋ ಒಂದು ಕಡೆ ಇಟ್ಟುಕೊಳ್ಳುತ್ತೇವೆ. ಒಂದು ಪ್ಯಾಕೇಜಿನವರು 25 ಡಿಗ್ರಿಯ ಮೆಥನಾಲ್ ಅನಿಲವನ್ನೇ ಸೊನ್ನೆ ಎಂದುಕೊಂಡಿದ್ದರು. ಅವರ ಲೆಕ್ಕದಲ್ಲಿ ನಮ್ಮ ಹಬೆಯ ಎಂಥಾಲ್ಪಿ ಮೋಲಿಗೆ ಸುಮಾರು 1.8 ಕಿಲೋಜೂಲ್. ಇನ್ನೊಂದರವರು ಇಂಗಾಲ, ಜಲಜನಕ, ಆಮ್ಲಜನಕ ಎಂಬ ಮೂಲಧಾತುಗಳನ್ನು ಸೊನ್ನೆಯಾಗಿ ಇಟ್ಟುಕೊಂಡಿದ್ದರು. ಆ ಲೆಕ್ಕದಲ್ಲಿ ಮೆಥನಾಲ್ ಅನಿಲ ಉಂಟಾಗುವ ಎಂಥಾಲ್ಪಿಯೇ ಮೈನಸ್ 201 ಕಿಲೋಜೂಲ್, ನಮ್ಮ ಹಬೆಯದು ಮೈನಸ್ 199ರ ಆಸುಪಾಸು. ಸೆಕೆಂಡಿಗೆ ಒಂದೇ ಮೋಲ್ ಹರಿದರೂ ಗಡಿಯಲ್ಲಿ 201 ಕಿಲೋವ್ಯಾಟ್ ಎಲ್ಲಿಂದಲೋ ಬರುತ್ತದೆ ಅಥವಾ ಎಲ್ಲಿಗೋ ಹೋಗುತ್ತದೆ. ಇಬ್ಬರೂ ಮಾನಕವನ್ನು ಪಾಲಿಸಿದ್ದರು. ಮೊದಲ ದಿನ ಪೆಟ್ಟಿಗೆ ಕೆಂಪಾದದ್ದೇ ನನಗೆ ಸಿಕ್ಕ ಎಚ್ಚರಿಕೆಯಾಗಿತ್ತು, ಅದನ್ನು ನಾನೇ ಹಸಿರು ಮಾಡಿ ಮುಚ್ಚಿದ್ದೆ.

ಮಾನಕ ಬರೆದವರಿಗೆ ಈ ತೊಡಕು ಗೊತ್ತಿರಲಿಲ್ಲವೆಂದಲ್ಲ. ದ್ರವ್ಯಗುಣಗಳ ಕೇಪ್-ಓಪನ್ ಮಾನಕದ 1.1ನೇ ಆವೃತ್ತಿಯಲ್ಲಿ, ಉತ್ಪತ್ತಿಯ ಶಾಖ ಸೇರಿದ ಎಂಥಾಲ್ಪಿಗೆ ಒಂದು ಹೆಸರು, ಸೇರದ್ದಕ್ಕೆ ಇನ್ನೊಂದು ಹೆಸರು ಇದೆ. ಜೊತೆಗೆ ಬರಿಯ ಎಂಥಾಲ್ಪಿ ಎಂಬ ಹಳೆಯ ಹೆಸರೂ ಉಳಿದುಕೊಂಡಿದೆ, ಅವಸರದಲ್ಲಿ ಎಲ್ಲರೂ ಕೇಳುವುದು ಅದನ್ನೇ. ನನ್ನ ಹಕ್ಕಿ ಪುಸ್ತಕದ ಅಡ್ಡಗೆರೆಯೂ ಇಂಥದ್ದೇ ಒಂದು ಹೆಸರು. ಪ್ರತಿ ವರ್ಷದ ಎಣಿಕೆಯೂ ಆ ವರ್ಷದ ಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಇಪ್ಪತ್ತು ವರ್ಷದ್ದನ್ನು ಒಂದು ಸಾಲಿನಲ್ಲಿ ಜೋಡಿಸಿದಾಗ, ಒಬ್ಬನ ಗೆರೆ 'ಇಲ್ಲ'ವೂ ಇನ್ನೊಬ್ಬನ ಗೆರೆ 'ನೋಡಲಿಲ್ಲ'ವೂ ಆಗಿದ್ದರೆ, ಆ ಸಾಲು ತೋರಿಸುವ ಏರಿಳಿತ ಹಕ್ಕಿಗಳದ್ದಾಗಿರುವುದಿಲ್ಲ.

'ದೊಡ್ಡ ಕಡಲಕ್ಕಿ' ಎಂಬ ಹೆಸರಿನ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಇದನ್ನು ಕೇಳಿ ಆ ವಿದ್ಯಾರ್ಥಿನಿ ಸ್ವಲ್ಪ ನಕ್ಕಳು. ಚಳಿಗಾಲದಲ್ಲಿ ನಮ್ಮ ತೀರಕ್ಕೆ ಬರುವ, ಬೆನ್ನು ಬೂದಿ ಬಣ್ಣದ ದೊಡ್ಡ ಗಲ್‌ಗಳು ರಷ್ಯಾದ ಉತ್ತರದ ಟಂಡ್ರಾದಿಂದ ಬರುವ ಹ್ಯೂಗ್ಲಿನ್ಸ್ ಗಲ್ ಆಗಿರಬಹುದು, ಇನ್ನಷ್ಟು ದಕ್ಷಿಣದ ಹುಲ್ಲುಗಾವಲುಗಳ ಸ್ಟೆಪ್ಪಿ ಗಲ್ ಆಗಿರಬಹುದು. ನನ್ನ ಕೈಲಿದ್ದ ಹಳೆಯ ಪುಸ್ತಕಗಳು ಇವನ್ನು ಹೆರಿಂಗ್ ಗಲ್ ಎಂಬ ದೊಡ್ಡ ಹೆಸರಿನಡಿ ಸೇರಿಸಿದ್ದವು. ಈಗಿನ ಪಟ್ಟಿಗಳು ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಗಲ್‌ನ ಉಪಜಾತಿಗಳೆಂದು ಇಡುತ್ತವೆ. ಎಳೆಯ ಹಕ್ಕಿಗಳಂತೂ ನಾಲ್ಕು ವರ್ಷ ಬಣ್ಣ ಬದಲಾಯಿಸುತ್ತಲೇ ಇರುತ್ತವೆ. ಹಾಗಾಗಿ ನಾನು ಬರೆದ 'ದೊಡ್ಡ ಕಡಲಕ್ಕಿ' ಸೋಮಾರಿತನದ ಹೆಸರಲ್ಲ ಎಂದು ಇವತ್ತಿಗೂ ವಾದಿಸಬಲ್ಲೆ. ಸಿಮ್ಯುಲೇಟರಿನಲ್ಲಿ ಕಚ್ಚಾತೈಲಕ್ಕೆ ನಾವು ಮಾಡುವುದೂ ಇದನ್ನೇ. ಮೆಥನಾಲ್‌ಗೆ 67-56-1, ನೀರಿಗೆ 7732-18-5 ಎಂದು ಒಂದೊಂದು ಸಿಎಎಸ್ ಸಂಖ್ಯೆ ಇರುವುದರಿಂದ ಯಾವ ಪ್ಯಾಕೇಜ್ ಯಾವ ಹೆಸರಿನಿಂದ ಕರೆದರೂ ಗುರುತು ಹತ್ತುತ್ತದೆ. ಕಚ್ಚಾತೈಲದಲ್ಲಿರುವ ಸಾವಿರಾರು ಸಂಯುಕ್ತಗಳನ್ನು ಮಾತ್ರ ಯಾರೂ ಒಂದೊಂದಾಗಿ ಹೆಸರಿಸುವುದಿಲ್ಲ. ಇಷ್ಟು ಡಿಗ್ರಿಯಿಂದ ಇಷ್ಟು ಡಿಗ್ರಿಯವರೆಗೆ ಕುದಿಯುವ ಭಾಗ ಎಂದು ಕತ್ತರಿಸಿ ಹುಸಿ ಘಟಕಗಳನ್ನಾಗಿ ಮಾಡುತ್ತೇವೆ. ಅವುಗಳಿಗೆ ಸಿಎಎಸ್ ಸಂಖ್ಯೆ ಇಲ್ಲ. ಇನ್ನೊಂದು ತಂತ್ರಾಂಶಕ್ಕೆ ದಾಟಿಸುವಾಗ ಕೈಯಿಂದಲೇ ಹೊಂದಿಸಬೇಕು, ಮತ್ತು ಎಲ್ಲಿ ಕತ್ತರಿಸಿದೆವೆಂದು ಬರೆದಿಟ್ಟಿರಬೇಕು. ನಾನು ಬರೆದಿಟ್ಟಿರಲಿಲ್ಲ.

ಹಕ್ಕಿ ಎಣಿಸುವವರ ಲೋಕದಲ್ಲಿ ಮಾನಕಗಳಿಲ್ಲವೆಂದು ಯಾರೂ ತಿಳಿಯಬಾರದು. ಜೀವಿಗಳ ದಾಖಲೆಗಳನ್ನು ಹಂಚಿಕೊಳ್ಳಲು ಡಾರ್ವಿನ್ ಕೋರ್ ಎಂಬ ಮಾನಕ 2009ರಲ್ಲಿ ಅಂಗೀಕಾರವಾಯಿತು. ಇತ್ತು ಅಥವಾ ಇರಲಿಲ್ಲ ಎಂದು ಹೇಳಲು ಅದರಲ್ಲಿ ಒಂದು ಕಲಮು ಇದೆ, ಎಷ್ಟು ಹೊತ್ತು, ಹೇಗೆ ನೋಡಿದಿರಿ ಎಂದು ಹೇಳಲು ಬೇರೆ ಕಲಮುಗಳಿವೆ. ಜನರು ತಾವು ಕಂಡ ಹಕ್ಕಿಗಳ ಪಟ್ಟಿ ಸೇರಿಸುವ, 2002ರಿಂದ ನಡೆಯುತ್ತಿರುವ ಇ-ಬರ್ಡ್ ಜಾಲತಾಣ ಇನ್ನೂ ಜಾಣತನದಿಂದ ಒಂದೇ ಪ್ರಶ್ನೆ ಕೇಳುತ್ತದೆ: ನೀವು ಗುರುತಿಸಬಲ್ಲ ಎಲ್ಲ ಹಕ್ಕಿಗಳನ್ನೂ ಈ ಪಟ್ಟಿಯಲ್ಲಿ ಬರೆದಿದ್ದೀರಾ? ಹೌದು ಎಂದರೆ ಪಟ್ಟಿಯಲ್ಲಿಲ್ಲದ ಹಕ್ಕಿಯನ್ನು ಸೊನ್ನೆ ಎಂದು ಓದಬಹುದು; ಇಲ್ಲ ಎಂದರೆ ಓದುವಂತಿಲ್ಲ. ಎಣಿಸದೆ ಕಂಡದ್ದನ್ನಷ್ಟೇ ಹೇಳಲು ಅಂಕಿಯ ಜಾಗದಲ್ಲಿ ಎಕ್ಸ್ ಎಂದು ಬರೆಯುವ ಅವಕಾಶವಿದೆ. 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿರುವ ಏಷ್ಯಾದ ನೀರಹಕ್ಕಿ ಗಣತಿಗೆ ನಾನು ಬೆಂಗ್ರೆಯಿಂದ ಚೀಟಿ ತುಂಬಿ ಕಳುಹಿಸುತ್ತಿದ್ದ ವರ್ಷಗಳಲ್ಲಿ ಇಂಥ ಪ್ರಶ್ನೆಯನ್ನು ಯಾರಾದರೂ ನನ್ನ ಮುಖಕ್ಕೆ ಹಿಡಿದು ಕೇಳಿದ್ದರೆ ಚೆನ್ನಾಗಿತ್ತು.

ಆದರೆ ಮಾನಕದಲ್ಲಿ ಕಲಮು ಇದ್ದ ಮಾತ್ರಕ್ಕೆ ತುಂಬುವವರು ಇರುತ್ತಾರೆಂದು ಹೇಳಲಾಗದು. ದಡಕ್ಕೆ ಬರುವ ಗಲ್ ಮತ್ತು ರೀವಗಳಿಗಾದರೂ ನಮ್ಮಂಥ ಭಾನುವಾರದ ಜನ ಇದ್ದೇವೆ. ದಡಕ್ಕೆ ಬಾರದೆ ಆಳ ಕಡಲಲ್ಲೇ ತಿರುಗುವ ಹಕ್ಕಿಗಳ ಕತೆ ಬೇರೆ. ಅಂಟಾರ್ಕ್ಟಿಕದಲ್ಲಿ ಮರಿ ಮಾಡುವ ವಿಲ್ಸನ್ಸ್ ಸ್ಟಾರ್ಮ್ ಪೆಟ್ರೆಲ್, ಆಸ್ಟ್ರೇಲಿಯಾ ಕಡೆಯ ದ್ವೀಪಗಳಿಂದ ಬರುವ ಫ್ಲೆಶ್-ಫುಟೆಡ್ ಶಿಯರ್‌ವಾಟರ್ ನಮ್ಮ ಅರಬ್ಬೀ ಸಮುದ್ರದಲ್ಲಿ ಕಾಣಿಸುವುದು ನಮ್ಮ ಮಳೆಗಾಲ ಮತ್ತು ಅದರ ಆಚೀಚಿನ ತಿಂಗಳುಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಗಳು ದಡದ ಹತ್ತಿರವೇ ಇರುತ್ತವೆ. ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿ ದೋಣಿಗಳೂ ನಿಂತಿರುತ್ತವೆ. ಗಾಳಿಗೆ ಸೋತು ಪಣಂಬೂರಿನಲ್ಲೋ ಉಳ್ಳಾಲದಲ್ಲೋ ಮರಳಿಗೆ ಬಿದ್ದ, ಬೂಬಿ ಎಂಬ ಒಂದು ಕಡಲ ಹಕ್ಕಿಯನ್ನು ಯಾರಾದರೂ ಕಂಡು ಫೋಟೋ ತೆಗೆದರೆ ಆ ತಿಂಗಳಿಗೆ ಅದೇ ದಾಖಲೆ.

ಒಮ್ಮೆ ದಕ್ಕೆಯಲ್ಲಿ ಬಲೆ ಹೆಣೆಯುತ್ತ ಕುಳಿತಿದ್ದ ಹಿರಿಯ ತಂಡೇಲರೊಬ್ಬರಿಗೆ, ಎಂದರೆ ಬೋಟು ನಡೆಸುವವರೊಬ್ಬರಿಗೆ, ನನ್ನ ಪುಸ್ತಕದ ಚಿತ್ರಗಳನ್ನು ತೋರಿಸಿದ್ದೆ. ಗಲ್, ರೀವಗಳ ಪುಟಗಳನ್ನೆಲ್ಲ "ಕಡಲ ಪಕ್ಕಿ" ಎಂಬ ಒಂದೇ ಹೆಸರಿನಲ್ಲಿ ದಾಟಿಸಿದವರು ಶಿಯರ್‌ವಾಟರಿನ ಪುಟಕ್ಕೆ ಬಂದಾಗ ಸೂಜಿ ಕೆಳಗಿಟ್ಟರು. "ಇದು ಉಂಟು ಸಾರ್. ಆಗಸ್ಟ್‌ನಲ್ಲಿ ಬೋಟ್ ಇಳಿಸಿದ ಕೂಡಲೇ ಹೊರಗೆ ಹೋದರೆ ಸಿಗ್ತದೆ. ರೆಕ್ಕೆ ಬಡಿಯುವುದಿಲ್ಲ, ನೀರು ಮುಟ್ಟಿದ ಹಾಗೆ ಹೋಗ್ತದೆ." ಜೂನ್, ಜುಲೈಯಲ್ಲಿ ಎಂದು ನಾನು ಕೇಳಿದೆ. ಅವರು ನನ್ನನ್ನು ಸ್ವಲ್ಪ ಅನುಕಂಪದಿಂದ ನೋಡಿದರು. "ಆಗ ನಾವೇ ಇಲ್ಲ ಅಲ್ವಾ ಮಾರಾಯ್ರೆ. ಹಕ್ಕಿ ಉಂಟೋ ಇಲ್ಲವೋ ಅಂತ ಎಂತ ಹೇಳುವುದು?" ಡಾರ್ವಿನ್ ಕೋರ್ ಹೆಸರು ಕೇಳದ ಆ ಮನುಷ್ಯ ಅದರ ಅತಿ ಕಷ್ಟದ ಕಲಮನ್ನು ನನಗಿಂತ ಚೆನ್ನಾಗಿ ತುಂಬಿದರು.

ಬೋಟಿನ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಆಳ ಕಡಲಲ್ಲಿ ಕಿಲೋಮೀಟರುಗಟ್ಟಲೆ ಉದ್ದದ ಹಗ್ಗಕ್ಕೆ ಗಾಳ ಕಟ್ಟಿ ಬಿಡುವ ಲಾಂಗ್‌ಲೈನ್ ಮೀನುಗಾರಿಕೆಯಲ್ಲಿ, ಗಾಳ ಮುಳುಗುವ ಮುನ್ನ ಎರೆಗೆ ಎರಗಿದ ಆಲ್ಬಟ್ರಾಸ್‌ಗಳು ಸಿಕ್ಕಿಕೊಂಡು ಮುಳುಗಿ ಸಾಯುತ್ತವೆ. ಮೇಲೆ ಹೇಳಿದ 95ನ್ನು 90ಕ್ಕೆ ಇಳಿಸುವುದು ಇಂಥ ಸಾವುಗಳೇ. ಬೋಟಿನ ಹಿಂದೆ ಬಣ್ಣದ ಪಟ್ಟಿ ಹಾರಾಡುವ ಹಗ್ಗ ಕಟ್ಟುವುದು, ಗಾಳಕ್ಕೆ ಭಾರ ಕೊಡುವುದು, ರಾತ್ರಿಯಲ್ಲಿ ಬಿಡುವುದು, ಇಷ್ಟೇ ಪರಿಹಾರ. ನಮೀಬಿಯಾದಲ್ಲಿ ಇದನ್ನು ಕಡ್ಡಾಯ ಮಾಡಿದ ಮೇಲೆ ತಳದ ಲಾಂಗ್‌ಲೈನ್ ಬೋಟುಗಳಲ್ಲಿ ಹಕ್ಕಿಗಳ ಸಾವು ಶೇಕಡಾ 98ರಷ್ಟು ಇಳಿಯಿತು. ಹಾಗೆ ಹೇಳಲು ಸಾಧ್ಯವಾದದ್ದು ಸಾವನ್ನು ಸಾವಿರ ಗಾಳಕ್ಕೆ ಇಷ್ಟು ಎಂದು ಬರೆಯುವ ರೂಢಿ ಇರುವುದರಿಂದ. ಕೆಳಗೆ ಆ ಸಾವಿರ ಗಾಳ ಇಲ್ಲದಿದ್ದರೆ, ಹಕ್ಕಿ ಸಾಯಲಿಲ್ಲವೋ ಬೋಟೇ ಹೋಗಲಿಲ್ಲವೋ ಎಂದು ತಿಳಿಯುತ್ತಿರಲಿಲ್ಲ.

ಸೊನ್ನೆ ಎಂದು ಬರೆಯುವುದಕ್ಕೇ ಕೋಟಿಗಟ್ಟಲೆ ಹಣ ಸುರಿಯುವ ಜಾಗಗಳೂ ಇವೆ. ಹಡಗುಗಳಲ್ಲಿ ಬಂದು ಸೇರಿದ ಇಲಿಗಳು ಗೂಡಿನ ಮರಿಗಳನ್ನು ತಿನ್ನುವ ದ್ವೀಪಗಳಲ್ಲಿ ಇಲಿ ನಿರ್ಮೂಲನ ದೊಡ್ಡ ಕೆಲಸ. ದಕ್ಷಿಣ ಜಾರ್ಜಿಯಾ ದ್ವೀಪ ಇಲಿಮುಕ್ತವೆಂದು 2018ರಲ್ಲಿ ಘೋಷಿಸುವ ಮೊದಲು ವಾಸನೆ ಹಿಡಿಯುವ ನಾಯಿಗಳನ್ನು ಊರೂರು ಎಂಬಂತೆ ನಡೆಸಿ ಹುಡುಕಿಸಿದರು. ದಕ್ಷಿಣ ಅಟ್ಲಾಂಟಿಕ್‌ನ ಗಾಫ್ ದ್ವೀಪದಲ್ಲಿ ಟ್ರಿಸ್ಟಾನ್ ಆಲ್ಬಟ್ರಾಸ್‌ನ ಮರಿಗಳನ್ನು ಜೀವಂತ ಕಚ್ಚಿ ಕೊಲ್ಲುತ್ತಿದ್ದ ಸಣ್ಣ ಮನೆಯಿಲಿಗಳ ಮೇಲೆ 2021ರಲ್ಲಿ ಅಂಥದ್ದೇ ಕಾರ್ಯಾಚರಣೆ ನಡೆಯಿತು. ಅದೇ ಡಿಸೆಂಬರಿನಲ್ಲಿ ಕ್ಯಾಮರಾದಲ್ಲಿ ಒಂದು ಇಲಿ ಕಂಡಿತು. ಹುಡುಕುವುದನ್ನು ನಿಲ್ಲಿಸಿದ್ದರೆ ಸೊನ್ನೆ ಎಂದೇ ಬರೆದುಕೊಳ್ಳಬಹುದಿತ್ತು.

ಇಷ್ಟೆಲ್ಲ ತಲೆಯಲ್ಲಿ ತಿರುಗಿದ ಮೇಲೆ, ಒಂದು ಸಂಜೆ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಹರಡಿ, ನನ್ನ ಕಸುಬಿನ ರೀತಿಯಲ್ಲೇ ನನ್ನನ್ನು ಹಿಡಿಯಲು ಕುಳಿತೆ. ಪ್ಯಾಕೇಜ್ ಬರೆದವರು ಸೊನ್ನೆ ಎಲ್ಲಿದೆ ಎಂದು ಹೇಳದಿದ್ದಾಗ ನಾವು ಉತ್ತರ ಮೊದಲೇ ಗೊತ್ತಿರುವ ಒಂದು ದ್ರವ್ಯವನ್ನು ಅದಕ್ಕೆ ಕೊಟ್ಟು ಏನು ಹೇಳುತ್ತದೆ ನೋಡುತ್ತೇವೆ. ಬೆಂಗ್ರೆಯಲ್ಲಿ ಉತ್ತರ ಗೊತ್ತಿರುವ ಹಕ್ಕಿ ಯಾವುದು? ಇಲ್ಲ ಎನ್ನಲು ಸಾಧ್ಯವೇ ಇಲ್ಲದ ಹಕ್ಕಿ ಯಾವುದು? ದಕ್ಕೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಸುತ್ತುವ, ಬುಟ್ಟಿಯಿಂದ ಬಿದ್ದ ಬೂತಾಯಿಯನ್ನು ನೆಲ ಮುಟ್ಟುವ ಮೊದಲೇ ಎತ್ತುವ ಗರುಡ. ಜನವರಿಯ ಬೆಳಿಗ್ಗೆ ಆ ಅಳಿವೆಯಲ್ಲಿ ಒಂದೂ ಗರುಡ ಇರಲಿಲ್ಲವೆಂದು ಬೆಂಗ್ರೆಯ ಫುಟ್‌ಬಾಲ್ ಆಡುವ ಹುಡುಗರ ಮುಂದೆ ಹೇಳಿದರೆ ಅವರು ಚೆಂಡು ಬಿಟ್ಟು ನಗುತ್ತಾರೆ.

2004ರ ಫೆಬ್ರವರಿ 8ರ ಪುಟದಲ್ಲಿ ಸಿಕ್ಕಿತು: "ದೊಡ್ಡ ಕಡಲಕ್ಕಿ 0. ಗರುಡ –". ಒಂದೇ ಪುಟದಲ್ಲಿ ಸೊನ್ನೆಯೂ ಗೆರೆಯೂ ಇದ್ದವು, ಗೆರೆ ಇದ್ದದ್ದು ಗರುಡನ ಮುಂದೆ. 2007ರವರೆಗಿನ ಇನ್ನೂ ನಾಲ್ಕು ಪುಟಗಳಲ್ಲಿ ಗರುಡನ ಮುಂದೆ ಅದೇ ಗೆರೆ ಇತ್ತು. ಆ ಮೇಲಿನ ಪುಸ್ತಕಗಳಲ್ಲಿ ನಾನು ಗರುಡನ ಹೆಸರು ಬರೆಯುವುದನ್ನೇ ಬಿಟ್ಟಿದ್ದೆ, ಹಾಗಾಗಿ ಅಲ್ಲಿಂದ ಮುಂದಿನ ಗೆರೆಗಳಿಗೆ ಸಾಕ್ಷಿ ಹೇಳುವವರಿಲ್ಲ.

ಐದು ಪುಟಗಳ ಫೋಟೋ ತೆಗೆದು, 2007ರವರೆಗೆ ಗೆರೆ ಎಂದರೆ ಎಣಿಸಲಿಲ್ಲ, ಅನಂತರದ ಗೆರೆಗಳ ಬಗ್ಗೆ ನಾನೇನೂ ಹೇಳಲಾರೆ ಎಂದು ಬರೆದು ಆ ವಿದ್ಯಾರ್ಥಿನಿಗೆ ಕಳುಹಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಸರಿ ಸಾರ್, ಎರಡನ್ನೂ ಖಾಲಿ ಬಿಡ್ತೇನೆ. ಆದರೆ ಬೇರೆ ಬೇರೆ ಖಾಲಿ ಅಂತ ಷರಾ ಬರೀತೇನೆ." ಕೆಳಗೆ ಇನ್ನೊಂದು ಸಾಲಿತ್ತು: "18ನೇ ತಾರೀಕು ಎಷ್ಟು ಹೊತ್ತು ನಿಂತಿದ್ರಿ ಅಂತ ಎಲ್ಲಾದರೂ ಬರೆದಿದ್ದೀರಾ?"